ಇಲ್ಲದ ಲಿವರ್ ಹಿಡಿಯಲು ಹೋಗಿ

"ಅಪ್ಪ, ಬೈಕು ಬರೀ ಅರಚುತ್ತೆ, ಮುಂದಕ್ಕೇ ಹೋಗಲ್ಲ."

ಮಗಳು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಹೊಸ ಬೂಟಿನಲ್ಲಿ ಟಪ್ ಟಪ್ ಎಂದು ನಡೆದು ಬಂದು ದೂರು ಕೊಟ್ಟಳು. ಬೂಟು ಒಂದು ಸೈಜ್ ದೊಡ್ಡದು. ಕಾಲು ಬೆಳೆಯುತ್ತಲ್ಲ ಎಂದು ನಾನೇ ಆರಿಸಿದ್ದು.

ಬೈಕು 110 ಸಿಸಿಯ ಪುಟ್ಟ ಡರ್ಟ್ ಬೈಕು. ನಾಲ್ಕು ಗೇರು. ಆದರೆ ಎಡಗೈಗೆ ಕ್ಲಚ್ ಲಿವರೇ ಇಲ್ಲ, ಕ್ಲಚ್ಚು ಆಟೋಮ್ಯಾಟಿಕ್. ಹುಡುಗಿ ಗಿರಗಿರ ತಿರುಗಿದರೆ ಲಂಗ ಅರಳುತ್ತಲ್ಲ, ಈ ಕ್ಲಚ್ಚಿನ ಗುಟ್ಟೂ ಅಷ್ಟೇ. ಇಂಜಿನ್ ನಿಧಾನವಾಗಿದ್ದಾಗ ಒಳಗಿನ ತೂಕದ ತುಂಡುಗಳನ್ನು ಸ್ಪ್ರಿಂಗು ಹಿಡಿದಿಟ್ಟಿರುತ್ತದೆ. ರೇಸ್ ಕೊಟ್ಟಾಗ ಅವು ಹೊರಕ್ಕೆ ಚಾಚಿ ಕ್ಲಚ್ ಕಚ್ಚಿಕೊಳ್ಳುತ್ತದೆ, ಇಂಜಿನ್ನಿನ ಶಕ್ತಿ ಚಕ್ರಕ್ಕೆ ಸಿಗುತ್ತದೆ, ಬೈಕು ಹೊರಡುತ್ತದೆ. ಇನ್ನು ಗೇರ್ ಬದಲಿಸುವಾಗ? ಗೇರ್ ಪೆಡಲನ್ನು ಕಾಲಿನಿಂದ ಎತ್ತಿದರೆ ಆ ಪೆಡಲೇ ಕ್ಲಚ್ಚನ್ನೂ ಬಿಡಿಸುತ್ತದೆ. ಕಾಲು ತೆಗೆದ ಮೇಲೆ ಮತ್ತೆ ಕಚ್ಚುತ್ತದೆ. ಈ ವಿಷಯವನ್ನು ನಾನು ಮನೆಗೆ ಬಂದವರಿಗೆಲ್ಲ ವಿವರಿಸಿದ್ದೇನೆ. ಕೇಳದವರಿಗೂ.

ದೂರು ಬಂದ ಮೇಲೆ ತನಿಖೆ ಆಗಬೇಕಲ್ಲ. ಚಪ್ಪಲಿಯಲ್ಲೇ ಹತ್ತಿ ಮನೆಯ ಹಿಂದೆ ಒಂದು ಸುತ್ತು ಹೊಡೆದೆ. ಚೆನ್ನಾಗೇ ಹೋಯಿತು. ಬುದ್ಧಿ ಇದ್ದವನಾಗಿದ್ದರೆ ಅಲ್ಲೇ ನಿಂತು ಯೋಚಿಸುತ್ತಿದ್ದೆ. ನಾನು, "ನನ್ನ ಭಾರಕ್ಕೆ ಹೆದರಿ ಹೋಗಿದೆ, ಕ್ಲಚ್ಚು ಜಾರ್ತಿರೋದು ಗ್ಯಾರಂಟಿ" ಎಂದು ತೀರ್ಪು ಕೊಟ್ಟು ಟೂಲ್ಸ್ ಡಬ್ಬಿ ತೆಗೆದೆ.

ಮೊದಲು ಆಯಿಲ್ ಮೇಲೆ ಅನುಮಾನ. ಕಾರಿನ ಆಯಿಲ್ ಹಾಕಿದರೆ ಇಂಥ ಕ್ಲಚ್ಚು ಜಾರಬಹುದು. ಕೆಲವು ಕಾರ್ ಆಯಿಲ್‌ಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ವಸ್ತು ಇರುತ್ತದೆ, ಆದರೆ ಕ್ಲಚ್ಚು ಬದುಕಿರುವುದೇ ಉಜ್ಜಾಟದಿಂದ. ಹಳೇ ಡಬ್ಬಿ ಹುಡುಕಿ ನೋಡಿದೆ. 'ಜಾಸೊ ಎಂಎ' ಅಂತಲೇ ಬರೆದಿತ್ತು, ಅಂದರೆ ಬೈಕಿನ ಕ್ಲಚ್ಚಿಗೆ ಒಗ್ಗುವ ಆಯಿಲ್ಲೇ. ಸ್ವಲ್ಪ ಬೇಜಾರಾಯಿತು. ತಪ್ಪು ಅಲ್ಲೇ ಸಿಕ್ಕಿದ್ದರೆ ಸುಲಭವಿತ್ತು.

ಆಮೇಲೆ ಐಡ್ಲಿಂಗ್ ಸ್ಕ್ರೂ, ಅಂದರೆ ರೇಸ್ ಕೊಡದಿದ್ದಾಗ ಇಂಜಿನ್ ಎಷ್ಟು ಜೋರಾಗಿ ತಿರುಗಬೇಕೆಂದು ಹೇಳುವ ಸ್ಕ್ರೂ. ಬಹುಶಃ ಇಂಜಿನ್ನಿಗೆ ಶಕ್ತಿ ಸಾಲುತ್ತಿಲ್ಲ ಎಂದುಕೊಂಡು ಅದನ್ನು ಧಾರಾಳವಾಗಿ ಏರಿಸಿದೆ. ಸದ್ದು ಜೋರಾಯಿತು, ನನಗೆ ಖುಷಿಯಾಯಿತು. ಪಕ್ಕದಲ್ಲಿ ನಿಂತುಕೊಂಡೇ ಕಾಲಿನಿಂದ ಫಸ್ಟ್ ಗೇರ್ ಹಾಕಿದೆ.

ಬೈಕು ಹೊರಟಿತು. ಮೇಲೆ ಯಾರೂ ಇಲ್ಲ.

ಐಡ್ಲಿಂಗ್ ಜಾಸ್ತಿ ಇದ್ದರೆ ಆ ತೂಕದ ತುಂಡುಗಳಿಗೆ ರೇಸ್ ಕೊಟ್ಟಿದ್ದು ಯಾರೋ ಸ್ಕ್ರೂನೋ ಗೊತ್ತಾಗಲ್ಲ, ಅವು ಪಾಪ ಚಾಚಿಕೊಳ್ಳುತ್ತವೆ. ನಾನು ಹ್ಯಾಂಡಲ್ ಹಿಡಿದು ಜೊತೆಗೇ ಓಡಿದೆ. ಎಡಗೈ ಇಪ್ಪತ್ತು ವರ್ಷದ ಅಭ್ಯಾಸದಂತೆ ಕ್ಲಚ್ ಹಿಡಿಯಲು ಹೋಯಿತು. ಅಲ್ಲಿ ಲಿವರ್ ಇದ್ದರೆ ತಾನೆ? ನಾಲ್ಕು ಬೆರಳಿಗೂ ಗಾಳಿ ಸಿಕ್ಕಿತು. "ಅಪ್ಪಾ, ಬ್ರೇಕು!" ಎಂದು ಮಗಳು ಕೂಗಿದಾಗ ನಾವಿಬ್ಬರೂ, ಅಂದರೆ ನಾನೂ ಬೈಕೂ, ಒಣಗಿಹಾಕಿದ್ದ ಬೆಡ್‌ಶೀಟಿನೊಳಗೆ ಹೋಗಿಯಾಗಿತ್ತು. ಬೆಡ್‌ಶೀಟಿನ ಕತ್ತಲಲ್ಲಿ ತಡಕಾಡಿ ಕೆಂಪು ಬಟನ್ ಒತ್ತಿ ಇಂಜಿನ್ ಆಫ್ ಮಾಡಿದೆ.

"ರೀ, ಅದನ್ನ ಬೆಳಿಗ್ಗೆಯಷ್ಟೇ ಒಗೆದಿದ್ದು" ಎಂದಳು ಹೆಂಡತಿ ಕಿಟಕಿಯಿಂದ. ನನಗೇನಾಯಿತು ಎಂದು ಕೇಳಲಿಲ್ಲ.

ಮರುದಿನ ನೇರ ಕ್ಲಚ್ಚಿಗೇ ಕೈ ಹಾಕಿದೆ. ಇಂಜಿನ್ನಿನ ಬಲಗಡೆ ಕವರಿನ ಮೇಲೆ ಕ್ಲಚ್ಚನ್ನು ಹೊಂದಿಸುವ ಒಂದು ಸ್ಕ್ರೂ, ಅದರ ಸುತ್ತ ಅದು ಅಲುಗದಂತೆ ಹಿಡಿದಿಡುವ ಒಂದು ಲಾಕ್ ನಟ್. ಎಷ್ಟು ಸರಳ ನೋಡಿ! 1958ರಲ್ಲಿ ಹೋಂಡಾ ಸೂಪರ್ ಕಬ್ ಬಂದಾಗಲೇ ಈ ಲಿವರ್ ಇಲ್ಲದ ಕ್ಲಚ್ಚು ಅದರಲ್ಲಿತ್ತು. ಒಂದು ಕೈಯಲ್ಲಿ ನೂಡಲ್ಸ್ ಹೊತ್ತ ಡೆಲಿವರಿ ಹುಡುಗನೂ ಇನ್ನೊಂದು ಕೈಯಲ್ಲಿ ಆರಾಮಾಗಿ ಓಡಿಸಬೇಕು ಅನ್ನೋದು ಯೋಚನೆ. ನನಗೆ ಎರಡು ಕೈಯೂ ಖಾಲಿ ಇದ್ದವು, ಟಾರ್ಚ್ ಹಿಡಿಯಲು ಮಗಳೂ ಇದ್ದಳು.

ಸ್ಕ್ರೂ ಮೊದಲು ಎಲ್ಲಿತ್ತು ಎಂದು ಗುರುತು ಮಾಡಿಕೊಳ್ಳಲಿಲ್ಲ. ಸೋರುವ ನಲ್ಲಿಯನ್ನು ಬಿಗಿ ಮಾಡುವವನ ಹಾಗೆ ಬಲಕ್ಕೆ ಎರಡು ಸುತ್ತು ತಿರುಗಿಸಿದೆ. ಗೇರ್ ಹಾಕಿದರೆ 'ಖಡಕ್' ಎಂದು ಬೈಕು ಮುಗ್ಗರಿಸಿತು, ಪೆಡಲಿಗೆ ಕ್ಲಚ್ಚು ಬಿಡಿಸಲು ಆಗುತ್ತಲೇ ಇರಲಿಲ್ಲ. ಹಾಗಾದರೆ ಎಡಕ್ಕೆ ಎಂದು ಗಟ್ಟಿಯಾಗಿ ತಿರುಗಿಸಿದೆ. ಈಗ ಕ್ಲಚ್ಚು ಸದಾ ಅರ್ಧ ಬಿಟ್ಟ ಹಾಗೆಯೇ ನಿಂತುಬಿಟ್ಟಿತು. ನಾನು ಕೂತು ರೇಸ್ ಕೊಟ್ಟೆ. ಅರಚಿತು, ಹೋಗಲಿಲ್ಲ.

"ನೋಡಿದ್ಯಾ? ನಾನು ಹೇಳಿದ್ದು ಇದನ್ನೇ!" ಮಗಳಿಗೆ ಸಮಾಧಾನವಾಯಿತು. ಇಲ್ಲದ ರೋಗವನ್ನು ನಾನು ಕೈಯಾರೆ ತಂದಿಟ್ಟಿದ್ದೆ.

ಮೂರನೇ ದಿನ ಬೈಕಿನ ಮ್ಯಾನ್ಯುಯಲ್ ಓದಿದೆ. ಗಂಡಸರು ಅದನ್ನು ಯಾವಾಗಲೂ ಮೂರನೇ ದಿನವೇ ಓದುವುದು. ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಬಲಕ್ಕೆ ಒಂದು ಸುತ್ತು ತಿರುಗಿಸಿ. ಆಮೇಲೆ ನಿಧಾನವಾಗಿ ಎಡಕ್ಕೆ, ಸ್ವಲ್ಪ ತಡೆ ಸಿಗುವವರೆಗೆ. ಅಲ್ಲಿಂದ ಮತ್ತೆ ಬಲಕ್ಕೆ ಒಂದು ಸುತ್ತಿನ ಎಂಟನೇ ಒಂದು ಭಾಗ. ಅಷ್ಟೇ.

"ಎಂಟನೇ ಒಂದು ಅಂದ್ರೆ 45 ಡಿಗ್ರಿ ಅಪ್ಪ. ಗಡಿಯಾರದಲ್ಲಿ ಏಳೂವರೆ ನಿಮಿಷ."

ಏಳೂವರೆ ನಿಮಿಷದ ಜಾಗದಲ್ಲಿ ನಾನು ಎರಡು ಗಂಟೆ ತಿರುಗಿಸಿದ್ದೆ. ಆ 'ಸ್ವಲ್ಪ ತಡೆ' ಬೆರಳ ತುದಿಗೆ ಮಾತ್ರ ಗೊತ್ತಾಗುವಂಥದ್ದು. ಸ್ಕ್ರೂ ಡ್ರೈವರನ್ನು ಮುಷ್ಟಿಯಲ್ಲಿ ಹಿಡಿದರೆ ಅದನ್ನು ದಾಟಿ ಹೋಗಿರುತ್ತೇವೆ. ಅದು ಸಿಕ್ಕಿದರೂ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಜೊತೆಗೇ ಸದ್ದಿಲ್ಲದೆ ತಿರುಗಿಬಿಡುತ್ತದೆ. ಮೂರು ಸಲ ಹಾಗಾಯಿತು. ನಾಲ್ಕನೇ ಸಲ ಹೆಂಡತಿಯ ನೈಲ್ ಪಾಲಿಶ್ ತಂದು ಸ್ಕ್ರೂ ಮೇಲೂ ಕವರ್ ಮೇಲೂ ಒಂದೇ ಸಾಲಿನಲ್ಲಿ ಕೆಂಪು ಗೆರೆ ಎಳೆದೆ. ಒಂದು ಕೈಯಲ್ಲಿ ಸ್ಕ್ರೂ ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ರಿಂಗ್ ಸ್ಪಾನರ್ ತಿರುಗಿಸಿದೆ. ಗೆರೆ ಅಲುಗಲಿಲ್ಲ. ಐಡ್ಲಿಂಗನ್ನೂ ಇಳಿಸಿದೆ. ಫಸ್ಟ್ ಗೇರಿನಲ್ಲಿ ಬೈಕು ಪೂಜೆಗೆ ನಿಂತ ಹಾಗೆ ನಿಂತಿತು, ರೇಸ್ ಕೊಟ್ಟರೆ ಹೊರಟಿತು.

ಅಂದರೆ ಮೂರು ದಿನ ದುಡಿದು, ನಾನು ಮುಟ್ಟುವ ಮುಂಚೆ ಹೇಗಿತ್ತೋ ಹಾಗೆ ಮಾಡಿದ್ದೆ.

ಮಗಳು ಬೂಟು ಹಾಕಿಕೊಂಡು ಹತ್ತಿದಳು. ಫಸ್ಟ್ ಹೋಯಿತು, ಸೆಕೆಂಡ್ ಹಾಕಿದಳು. ಬೈಕು ಅರಚಿತು, ಹೋಗಲಿಲ್ಲ.

ಈ ಸಲ ಕೆಳಗೆ ಕೂತು ನೋಡಿದೆ. ಈ ಬೈಕಿನಲ್ಲಿ ನ್ಯೂಟ್ರಲ್ ತಳದಲ್ಲಿ, ನಾಲ್ಕು ಗೇರನ್ನೂ ಪೆಡಲ್ ಮೇಲೆತ್ತಿಯೇ ಹಾಕಬೇಕು. ಅವಳ ಬೂಟಿನ ದಪ್ಪ ಮೂತಿ ಪೆಡಲಿನ ಕೆಳಗೆ ಬೆಣೆ ಹೊಡೆದ ಹಾಗೆ ಸಿಕ್ಕಿಕೊಂಡಿತ್ತು. ಪೆಡಲ್ ಎತ್ತಿದ್ದು ಎತ್ತಿದ ಹಾಗೇ. ಎತ್ತಿದರೆ ಕ್ಲಚ್ಚು ಬಿಡುತ್ತದೆ ಎಂದು ಮನೆಗೆ ಬಂದವರಿಗೆಲ್ಲ ಹೇಳಿದವನು ನಾನೇ ಅಲ್ವಾ?

"ಪುಟ್ಟಿ, ಎಡಗಾಲು ಸ್ವಲ್ಪ ಹಿಂದಕ್ಕೆ ತಗೋ."

ತೆಗೆದಳು. ಬೈಕು ಚಂಗನೆ ಹಾರಿ ಹೋಯಿತು.

ಪೆಡಲಿನ ಬೋಲ್ಟ್ ಬಿಚ್ಚಿ, ಅದು ಕೂರುವ ಶಾಫ್ಟಿನ ಹಲ್ಲುಗಳಿಂದ ಪೆಡಲನ್ನು ಹೊರಗೆಳೆದು, ಒಂದೇ ಹಲ್ಲು ಮೇಲಕ್ಕೆ ಕೂರಿಸಿ ಬಿಗಿ ಮಾಡಿದೆ. ಬೂಟಿಗೆ ಜಾಗ ಆಯಿತು. ಐದು ನಿಮಿಷದ ಕೆಲಸ.

"ಏನಾಗಿತ್ತಂತೆ?" ಹೆಂಡತಿ ಖಾಲಿಯಾಗುತ್ತಾ ಬಂದಿದ್ದ ನೈಲ್ ಪಾಲಿಶ್ ಬಾಟಲಿಯನ್ನು ಬೆಳಕಿಗೆ ಹಿಡಿದು ಕೇಳಿದಳು.

"ಕ್ಲಚ್ ಪ್ರಾಬ್ಲಂ" ಎಂದೆ. ಬೂಟು ಬಿಚ್ಚುತ್ತಿದ್ದ ಮಗಳು ತಲೆ ಎತ್ತಿ ನನ್ನನ್ನೊಮ್ಮೆ ನೋಡಿದಳು. ಏನೂ ಹೇಳಲಿಲ್ಲ. ಬೂಟು ಆರಿಸಿದ್ದು ಯಾರು ಅನ್ನೋದು ಅವಳಿಗೂ ನೆನಪಿತ್ತು.