ಶುಗರ್ ಸ್ಟ್ರಿಪ್ ವಾಪಸ್ ಸುದ್ದಿ: ಅದು 2010ರದ್ದು

"ಅಬಾಟ್ ಕಂಪನಿ ಶುಗರ್ ಸ್ಟ್ರಿಪ್ ಎಲ್ಲಾ ವಾಪಸ್ ತಗೊಂಡಿದೆ, ಗ್ಲುಕೋಮೀಟರ್ ನಂಬಬೇಡಿ, ಎಸೆದುಬಿಡಿ" ಎನ್ನುವ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ಎಸೆಯಬೇಡಿ.

ವಾಪಸ್ ತಗೊಂಡಿದ್ದು ನಿಜ. ಆದರೆ ಅದು 2010ರ ಡಿಸೆಂಬರ್‌ನಲ್ಲಿ, ಅಮೆರಿಕ ಮತ್ತು ಪೋರ್ಟೊರಿಕೊದಲ್ಲಿ. ಪ್ರಿಸಿಷನ್ ಎಕ್ಸ್‌ಟ್ರಾ, ಆಪ್ಟಿಯಂ ಮುಂತಾದ ಹೆಸರಿನ 359 ಲಾಟ್‌ಗಳು (ಒಟ್ಟಿಗೆ ತಯಾರಾದ ಸ್ಟ್ರಿಪ್‌ಗಳ ಗುಂಪುಗಳು) ಮಾತ್ರ. ಆ ಸ್ಟ್ರಿಪ್‌ಗಳು ಬೇಕಾದಷ್ಟು ರಕ್ತ ಹೀರುತ್ತಿರಲಿಲ್ಲ. ಹಾಗಾಗಿ ಇರುವುದಕ್ಕಿಂತ ಕಡಿಮೆ ಶುಗರ್ ತೋರಿಸುವ ಅಪಾಯವಿತ್ತು. ಇದು ಸಣ್ಣ ವಿಷಯ ಅಲ್ಲ. ಕಡಿಮೆ ಇದೆ ಅಂತ ಸಿಹಿ ತಿಂದರೆ, ಇನ್ಸುಲಿನ್ ಬಿಟ್ಟರೆ, ಶುಗರ್ ಇನ್ನೂ ಏರುತ್ತದೆ ಅಲ್ವಾ? ಬಿಸಿಯಲ್ಲಿ ಹೆಚ್ಚು ದಿನ ಇದ್ದ ಸ್ಟ್ರಿಪ್‌ಗಳಲ್ಲಿ, ಹಳೆಯದಾದ ಸ್ಟ್ರಿಪ್‌ಗಳಲ್ಲಿ ಈ ತೊಂದರೆ ಜಾಸ್ತಿ.

ಬಿಸಿಯ ಮಾತು ಮಾತ್ರ ನಮಗೂ ಬೇಕಾದದ್ದು. ನಮ್ಮಮ್ಮನ ಸ್ಟ್ರಿಪ್ ಡಬ್ಬಿ ಒಲೆ ಪಕ್ಕದ ಗೂಡಿನಲ್ಲಿ, ಮುಚ್ಚಳ ಅರ್ಧ ತೆರೆದು ಕೂತಿರುತ್ತಿತ್ತು. ಶಾಖ, ತೇವ ಎರಡೂ ಸ್ಟ್ರಿಪ್ ಕೆಡಿಸುತ್ತವೆ. ಈಗ ಅದು ಬೆಡ್‌ರೂಮ್ ಬೀರುವಿನಲ್ಲಿದೆ.

ಇನ್ನೊಂದು. ಲ್ಯಾಬ್ ರಿಪೋರ್ಟಿಗೂ ಮೀಟರಿಗೂ ಸ್ವಲ್ಪ ವ್ಯತ್ಯಾಸ ಬಂದ ಮಾತ್ರಕ್ಕೆ ಸ್ಟ್ರಿಪ್ ಕೆಟ್ಟಿದೆ ಅಂತಲ್ಲ. ಶುಗರ್ 100ರ ಮೇಲಿದ್ದರೆ ಶೇ. 15ರಷ್ಟು ಆಚೀಚೆ ಆಗುವುದನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಲ್ಯಾಬಿನಲ್ಲಿ 200 ಬಂದರೆ ಮೀಟರಿನಲ್ಲಿ 175 ಬರಬಹುದು.

ಅನುಮಾನ ಬಂತಾ? ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ, ಹೊಸ ಸ್ಟ್ರಿಪ್‌ನಲ್ಲಿ ಮತ್ತೆ ನೋಡಿ. ಮಾವಿನಹಣ್ಣು ಮುಟ್ಟಿದ ಬೆರಳಲ್ಲೇ ನೋಡಿದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಡಬ್ಬಿ ಮೇಲಿನ ಲಾಟ್ ನಂಬರ್ ಹೇಳಿ ಕಂಪನಿಯ ಸಹಾಯವಾಣಿಗೆ ಕೇಳಿ. ಮೈ ನಡುಗಿ ಬೆವರುತ್ತಿದ್ದರೆ ಮೀಟರ್ ಏನೇ ಹೇಳಲಿ, ಡಾಕ್ಟರಿಗೆ ತಕ್ಷಣ ಫೋನ್ ಮಾಡಿ.