ತಿಂದು ತೀರಿಸಿದ ವಿಜ್ಞಾನ

ನಮ್ಮ ಮನೆಯಲ್ಲಿ ವಿಜ್ಞಾನಕ್ಕೆ ಒಂದೇ ಒಂದು ನಿಯಮ. ಪ್ರಯೋಗಕ್ಕೆ ಬಳಸಿದ್ದನ್ನು ಚೆಲ್ಲುವಂತಿಲ್ಲ, ತಿನ್ನಬೇಕು. ನಿಯಮ ಮಾಡಿದವಳು ನನ್ನ ಹೆಂಡತಿ. ಯಾರು ತಿನ್ನಬೇಕು ಎಂಬುದನ್ನು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ತಪ್ಪು ನನ್ನದೇ. ಏಳನೇ ತರಗತಿಯ ಮಗಳು ಆಮ್ಲ, ಪ್ರತ್ಯಾಮ್ಲಗಳನ್ನು ಮಗ್ಗಿಯ ರಾಗದಲ್ಲಿ ಉರು ಹೊಡೆಯುತ್ತಿದ್ದಳು. ಕೇಳಲಾರದೆ, “ಅಡುಗೆಮನೆಗಿಂತ ದೊಡ್ಡ ಪ್ರಯೋಗಶಾಲೆ ಯಾವುದಿದೆ? ಬಾ, ತೋರಿಸುತ್ತೇನೆ” ಎಂದುಬಿಟ್ಟೆ. ನಾನು ಬಿಎಸ್ಸಿ ಮುಗಿಸಿ ಇಪ್ಪತ್ತೆರಡು ವರ್ಷಗಳಾಗಿವೆ. ಆಮೇಲೆ ನನ್ನ ಕೈಗೆ ತಾಗಿದ ರಾಸಾಯನಿಕವೆಂದರೆ ಕಚೇರಿಯ ಸ್ಟ್ಯಾಂಪ್ ಪ್ಯಾಡಿನ ಶಾಯಿ ಮಾತ್ರ. ಆದರೂ ಮಕ್ಕಳ ಮುಂದೆ ಅಪ್ಪಂದಿರಿಗೆ ಎಲ್ಲಿಂದಲೋ ಧೈರ್ಯ ಬಂದುಬಿಡುತ್ತದೆ.

ಆರಂಭ ಆಲೂಗಡ್ಡೆಯಿಂದ ಆಯಿತು. ಹಾಸನದಲ್ಲಿದ್ದುಕೊಂಡು ಬೇರೆ ಯಾವುದರಿಂದ ಆರಂಭಿಸುವುದು? ಉದ್ದುದ್ದ ಹೋಳುಗಳನ್ನು ಒಂದು ಬಟ್ಟಲಿನಲ್ಲಿ ಸಾದಾ ನೀರಿಗೆ, ಇನ್ನೊಂದರಲ್ಲಿ ಗಟ್ಟಿ ಉಪ್ಪುನೀರಿಗೆ ಹಾಕಿಟ್ಟೆವು. ಒಂದು ಗಂಟೆಯ ಮೇಲೆ ತೆಗೆದರೆ ಸಾದಾ ನೀರಿನ ಹೋಳು ಲಟಕ್ಕೆಂದು ಮುರಿಯಿತು, ಉಪ್ಪುನೀರಿನದು ರಬ್ಬರಿನಂತೆ ಬಾಗಿತು. ಉಪ್ಪು ಗಡ್ಡೆಯೊಳಗಿನ ನೀರನ್ನು ಹೊರಗೆ ಸೆಳೆದುಕೊಂಡಿತು, ಇದಕ್ಕೆ ಅಭಿಸರಣೆ ಎನ್ನುತ್ತಾರೆ ಎಂದು ವಿವರಿಸಿದೆ. ಆ ಹೋಳುಗಳ ಪಲ್ಯ ನನ್ನ ತಟ್ಟೆಗೆ ಬಂತು. ತಿಂದು ಒಂದು ಚೊಂಬು ನೀರು ಕುಡಿದೆ. “ಅಪ್ಪನಿಗೂ ಅಭಿಸರಣೆ ಆಗಿದೆ” ಎಂದಳು ಮಗಳು.

ಎರಡನೆಯದು ನೀರು ಕುದಿಸುವುದು. ಇದರಲ್ಲಿ ಮರ್ಯಾದೆ ಹೋಗುವಂಥದ್ದೇನಿದೆ ಎಂದುಕೊಂಡಿದ್ದೆ. ಪುಸ್ತಕದಲ್ಲಿ 100 ಡಿಗ್ರಿ ಎಂದಿದೆ. ಸ್ನೇಹಿತರಿಂದ ಕೇಳಿ ತಂದ ಥರ್ಮಾಮೀಟರಿನ ಕೆಂಪು ಗೆರೆ 97ರ ಹತ್ತಿರ ನಿಂತದ್ದು ಮುಂದಕ್ಕೆ ಅಲುಗಲೇ ಇಲ್ಲ. ಗ್ಯಾಸ್ ದೊಡ್ಡದು ಮಾಡಿದರೂ ಇಲ್ಲ. ಪುಸ್ತಕ ತಪ್ಪೋ ಅಪ್ಪ ತಪ್ಪೋ ಎಂಬಂತೆ ಮಕ್ಕಳಿಬ್ಬರೂ ನನ್ನ ಮುಖ ನೋಡಿದರು. ಹಾಸನ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ, 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಾದರೆ 94ರ ಸುಮಾರಿಗೇ ಕುದಿಯುತ್ತದೆ ಎಂದು ನೆನಪಾಗಿ ಮಾನ ಉಳಿಯಿತು. ಎರಡನೇ ತರಗತಿಯ ಮಗ, “ಹಾಗಾದರೆ ಬೆಟ್ಟದ ಮೇಲೆ ಸ್ನಾನಕ್ಕೆ ಬೇಗ ಕರೆಯುತ್ತಾರೆ” ಎಂದು ಬೇಸರಪಟ್ಟುಕೊಂಡ.

ಇಡ್ಲಿ ಹಿಟ್ಟಿನ ವಿಷಯವನ್ನು ಉದ್ದ ಮಾಡುವುದಿಲ್ಲ. ಹಾಸನಾಂಬೆಯ ಗುಡಿಯಲ್ಲಿ ಇಟ್ಟ ನೈವೇದ್ಯ ಮುಂದಿನ ವರ್ಷ ಬಾಗಿಲು ತೆರೆಯುವವರೆಗೂ ಹಳಸುವುದಿಲ್ಲ ಎಂದು ನಂಬುವ ಊರು ನಮ್ಮದು. ನಾನೋ ಚಳಿಗೆ ಹಿಟ್ಟು ಹುಳಿಯಾಗಲಿ ಎಂದು ಅದನ್ನು ನೀರೊಲೆಯ ಪಕ್ಕ ಇಟ್ಟೆ. ಬ್ಯಾಕ್ಟೀರಿಯಾಗಳು ಸಂತೋಷದಿಂದ ಕೆಲಸ ಮಾಡಿದವು. ಬೆಳಿಗ್ಗೆ ಹಿಟ್ಟು ಪಾತ್ರೆಯ ಮುಚ್ಚಳವನ್ನು ಹೊತ್ತುಕೊಂಡು ಬಚ್ಚಲಿನ ಕಡೆ ಹೊರಟಿತ್ತು. ಉಳಿದ ಹಿಟ್ಟಿನ ಇಡ್ಲಿಯನ್ನು ನಾನು ಮೂರು ದಿನ ತಿಂದೆ.

ನಿಜವಾದ ಅನಾಹುತ ಆದದ್ದು ಅರಿಶಿನದಿಂದ. ಅವತ್ತು ಭಾನುವಾರ. ಅರಸೀಕೆರೆಯಿಂದ ಅಕ್ಕ, ಭಾವ ಬರುವವರಿದ್ದರು. ಹೆಂಡತಿ ಚಿತ್ರಾನ್ನಕ್ಕೆ ಅನ್ನವನ್ನು ಪರಾತದಲ್ಲಿ ಆರಲು ಹರಡಿದ್ದಳು. ಅಷ್ಟರೊಳಗೆ ಒಂದು ಪಾಠ ಮುಗಿಸಿಬಿಡೋಣ ಎಂದು ಎರಡು ಗಾಜಿನ ಲೋಟಗಳಲ್ಲಿ ಅರಿಶಿನದ ನೀರು ಮಾಡಿಕೊಂಡೆ. ಒಂದಕ್ಕೆ ನಿಂಬೆರಸ ಬಿಟ್ಟರೆ ಹಳದಿ ಹಳದಿಯಾಗಿಯೇ ಉಳಿಯಿತು. ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿದರೆ ಕಿತ್ತಳೆ ಕೆಂಪು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕರ್ಕ್ಯುಮಿನ್, ಸೂಚಕ ಎಂದೆಲ್ಲ ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅಮ್ಮ, “ಇದಕ್ಕೇನೋ ಇಷ್ಟು ಸಂಭ್ರಮ? ಆರತಿಗೆ ಓಕುಳಿ ಕಲಸುವುದನ್ನು ನೀನು ನೋಡಿಲ್ಲವೇ?” ಎಂದು ಎಲೆಅಡಿಕೆ ಡಬ್ಬಿಯಿಂದ ಉಗುರಿನಷ್ಟು ಸುಣ್ಣ ತೆಗೆದು ಮೊದಲಿನ ಲೋಟದಲ್ಲಿ ಕದಡಿದಳು. ನೀರು ರಕ್ತದಂತಾಯಿತು. ಅದರ ಮುಂದೆ ನನ್ನ ಸೋಡಾ ಪೆಚ್ಚಾಯಿತು. ಮಕ್ಕಳು ತಕ್ಷಣ ಅಜ್ಜಿಯ ಪಕ್ಷ ಸೇರಿದರು. ಆ ಒಂದು ಲೋಟಕ್ಕೆ ಮಾತ್ರ ಮನೆಯ ನಿಯಮ ಅನ್ವಯಿಸಲಿಲ್ಲ. ಅಮ್ಮ ಅದರಿಂದಲೇ ಮೊಮ್ಮಕ್ಕಳಿಗೆ ದೃಷ್ಟಿ ತೆಗೆದು ಹೊರಗೆ ಚೆಲ್ಲಿ ಬಂದಳು.

ಇಷ್ಟಕ್ಕೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹೆಂಡತಿ ಕಡಲೆಬೀಜ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಯನ್ನು ಅನ್ನಕ್ಕೆ ಕಲಸಿ, ನಿಂಬೆಹಣ್ಣು ಕೊಯ್ಯಲು ತಿರುಗಿದಳು. ಆ ಅರ್ಧ ನಿಮಿಷದಲ್ಲಿ ಮಗ ಎರಡು ಚಮಚ ಸೋಡಾ ಸುರಿದು ಕೈಯಾರೆ ಕಲಸಿದ. ಅನ್ನ ನಮ್ಮ ಕಣ್ಣೆದುರಿಗೇ ಅಲ್ಲಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗತೊಡಗಿತು. “ಚಿತ್ರ ಬಂತು! ಚಿತ್ರಾನ್ನ!” ಎಂದು ಅವನು ಕುಣಿದ. ಹೆಂಡತಿ ಅವನನ್ನು ಬೈಯಲಿಲ್ಲ, ನನ್ನನ್ನು ನೋಡಿದಳು.

“ಹೆದರಬೇಡ, ಇದಕ್ಕೆ ವಿಜ್ಞಾನದಲ್ಲೇ ಪರಿಹಾರವಿದೆ” ಎಂದು ನಿಂಬೆಹಣ್ಣು ಕಿತ್ತುಕೊಂಡು ಹಿಂಡಿದೆ. ಪರಾತ ಬುಸ್ಸೆಂದಿತು. ಅನ್ನದ ಅಗುಳುಗಳ ನಡುವೆ ನೊರೆ ಎದ್ದಿತು, ಒಂದೆರಡು ಕಡಲೆಬೀಜಗಳು ಅದರ ಮೇಲೆ ತೇಲಿದವು. ಮೂರು ಹಣ್ಣು ಮುಗಿಯುವ ಹೊತ್ತಿಗೆ ಬಣ್ಣ ಹಳದಿಗೆ ಮರಳಿತ್ತು. ಮನೆಯಲ್ಲಿದ್ದದ್ದೇ ಮೂರು ಹಣ್ಣು. ಬಣ್ಣವೇನೋ ಸರಿಹೋಯಿತು, ಸೋಡಾ ಪೂರ್ತಿ ತೀರಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಗೇಟಿನ ಸದ್ದಾಯಿತು. ಕೈಕಾಲು ತೊಳೆದು ಬಂದ ಭಾವನವರು ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ ನೋಡಿದರು. “ತಟ್ಟೆಯಲ್ಲಿ ಸೋಪು ಉಳಿದುಕೊಂಡಿದೆಯೋ ಏನೋ” ಎಂದರು ಮೆಲ್ಲಗೆ. ಬೀಗರ ಮನೆಯಲ್ಲಿ ಇದಕ್ಕಿಂತ ಸೌಜನ್ಯವಾಗಿ ಹೇಳಲು ಸಾಧ್ಯವಿಲ್ಲ. ಐದು ನಿಮಿಷದಲ್ಲಿ ಹೋಟೆಲಿನಿಂದ ಮಸಾಲೆ ದೋಸೆ ತರಿಸುವ ತೀರ್ಮಾನವಾಯಿತು. ಎಷ್ಟು ದೋಸೆ ಎಂದು ಹೆಂಡತಿ ಎಣಿಸುವಾಗ ನಾನು ಕೇಳಿಸಿಕೊಂಡೆ. ಆರು ಎಂದಳು. ಮನೆಯಲ್ಲಿದ್ದವರು ಏಳು ಜನ.

ಅವರೆಲ್ಲ ದೋಸೆ ತಿನ್ನುತ್ತಿರುವಾಗ ಪರಾತವನ್ನು ಎದುರಿಗಿಟ್ಟುಕೊಂಡು ನಾನು ಉಣ್ಣತೊಡಗಿದೆ. ನಾಲ್ಕನೆಯ ತುತ್ತಿಗೆ ಮೊದಲ ತೇಗು ಬಂತು. ಅದು ತೃಪ್ತಿಯ ತೇಗಾಗಿರಲಿಲ್ಲ. ಉಳಿದ ಸೋಡಾ ಹೊಟ್ಟೆಯ ಆಮ್ಲದೊಡನೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಲೇಬೇಕು, ಹುಟ್ಟಿದ್ದು ಹೊರಗೆ ಬರಲೇಬೇಕು. ಮಗಳು ದೋಸೆಯ ಕೈ ತೊಳೆದು ಬಂದು, ಪುಸ್ತಕ ತೆರೆದು, ಗಡಿಯಾರ ನೋಡುತ್ತಾ ನನ್ನ ಪಕ್ಕದಲ್ಲಿ ಕುಳಿತಳು.

ಮರುದಿನ ಆ ಪುಸ್ತಕವನ್ನು ನಾನೇ ಓದಿದೆ. ‘ಉದ್ದೇಶ: ಆಮ್ಲ ಮತ್ತು ಪ್ರತ್ಯಾಮ್ಲಗಳ ವರ್ತನೆಯನ್ನು ತಿಳಿಯುವುದು. ಬೇಕಾಗುವ ಸಾಮಗ್ರಿಗಳು: ಚಿತ್ರಾನ್ನ, ಅಡುಗೆ ಸೋಡಾ, ನಿಂಬೆಹಣ್ಣು, ಅಪ್ಪ. ವೀಕ್ಷಣೆ: ಇಪ್ಪತ್ತು ನಿಮಿಷಗಳಲ್ಲಿ ಹನ್ನೊಂದು ತೇಗು. ತೀರ್ಮಾನ: ಅನಿಲ ಬಿಡುಗಡೆಯಾಗುತ್ತದೆ.’ ಕೆಳಗೆ ಅವಳ ಶಿಕ್ಷಕಿ ಕೆಂಪು ಶಾಯಿಯಲ್ಲಿ, ‘ಉತ್ತಮ ಪ್ರಯತ್ನ. ಆದರೆ ಒಂದೇ ಸಲದ ಫಲಿತಾಂಶ ಸಾಲದು. ಇನ್ನೂ ಎರಡು ಬಾರಿ ಮಾಡಿ ಸರಾಸರಿ ತೆಗೆ’ ಎಂದು ಬರೆದಿದ್ದರು.

ನಿನ್ನೆ ಸಂಜೆ ಹೆಂಡತಿ ಕಟ್ಟಿನಕೆರೆ ಮಾರುಕಟ್ಟೆಯಿಂದ ಒಂದು ಡಜನ್ ನಿಂಬೆಹಣ್ಣು ತಂದಿದ್ದಾಳೆ. ಉಪ್ಪಿನಕಾಯಿಗೆ ಎನ್ನುತ್ತಾಳೆ.