ಮೂರು ವರ್ಷ ವಕೀಲಿಕೆ ಕಡ್ಡಾಯವಾಯಿತು, ಆ ಮೂರು ವರ್ಷದ ಊಟ ಯಾರ ಮನೆಯದು?

ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕುವವರು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ರಾಯಚೂರಿನ ನನ್ನ ಓರಗೆಯ ವಕೀಲರಲ್ಲಿ ಹಲವರು ಸಂತೋಷಪಟ್ಟರು, ನಾನೂ ಪಟ್ಟೆ. ಒಂದು ನಕಲು ಪ್ರತಿಗಾಗಿ ಕಕ್ಷಿದಾರ ಎಷ್ಟು ಸಲ ಊರಿನಿಂದ ಬಸ್ಸು ಹತ್ತಿ ಬರಬೇಕಾಗುತ್ತದೆ, ಸಾಕ್ಷಿ ಕಟಕಟೆಯಲ್ಲಿ ನಿಂತ ಹಳ್ಳಿಯವರು ಪಾಟೀಸವಾಲಿನಲ್ಲಿ ಹೇಗೆ ತಡವರಿಸುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡವರು ನ್ಯಾಯಪೀಠದಲ್ಲಿ ಕೂರುವುದು ಒಳ್ಳೆಯದೇ. ಆದರೆ ಆ ಸಂಜೆ ನನ್ನ ಕಚೇರಿಯ ಜೂನಿಯರ್ ಹುಡುಗ ಕೇಸಿನ ಕಟ್ಟುಗಳನ್ನು ಜೋಡಿಸಿಡುತ್ತಾ, "ಸರ್, ಹಂಗಂದ್ರ ನಮ್ಮಪ್ಪ ಇನ್ನೂ ಮೂರು ವರ್ಷ ರೊಕ್ಕ ಕಳಿಸ್ಬೇಕೇನ್ರೀ?" ಎಂದು ಕೇಳಿದ. ಅವನ ತಂದೆ ಸಿಂಧನೂರು ತಾಲ್ಲೂಕಿನಲ್ಲಿ ಕಾಲುವೆಯ ಕೊನೆಭಾಗದ ಮೂರು ಎಕರೆಯಲ್ಲಿ ಭತ್ತ ಬೆಳೆಯುವ ರೈತ. ನೀರು ಕೊನೆಯವರೆಗೆ ಬಂದ ವರ್ಷ ಮಾತ್ರ ಆ ಮನೆಯಲ್ಲಿ ಹಣದ ಮಾತು ಸುಲಭವಾಗಿರುತ್ತದೆ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಕೊಡದವರ ಮೇಲೆ ಯಾವ ಕ್ರಮವೂ ಇಲ್ಲ. ನಮ್ಮ ಕಡೆ ನಾನು ಕಣ್ಣಾರೆ ಕಂಡಿರುವುದು ಮೂರು ಸಾವಿರ, ಐದು ಸಾವಿರ. ಅದಕ್ಕೂ "ಪಗಾರ" ಎಂದು ಯಾರೂ ಹೇಳುವುದಿಲ್ಲ, "ಪೆಟ್ರೋಲ್ ಖರ್ಚಿಗೆ" ಎನ್ನುತ್ತಾರೆ. ಮೊದಲ ವರ್ಷ ಏನನ್ನೂ ಕೊಡದ ಕಚೇರಿಗಳೂ ಇವೆ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ತಿಂಗಳಿಗೆ 26 ದಿನ ಕೆಲಸ ಸಿಕ್ಕಿತೆಂದು ಲೆಕ್ಕ ಹಾಕಿದರೆ 9,620 ರೂಪಾಯಿ. ಕೂಲಿಯನ್ನು ಹಗುರವಾಗಿ ಕಾಣಲು ನಾನು ಇದನ್ನು ಹೇಳುತ್ತಿಲ್ಲ, ನಾನು ಕೂಲಿಕಾರರ ಮನೆಯ ಮಗನೇ. ಐದು ವರ್ಷ ಕಾನೂನು ಓದಿದ ಮಗ ತಮ್ಮ ಕೂಲಿಯ ಅರ್ಧವನ್ನೂ ಮನೆಗೆ ತರುತ್ತಿಲ್ಲವೆಂದರೆ ಆ ಮನೆಯವರು ಎರಡನೆಯ ಮಗುವನ್ನು ಕಾನೂನಿಗೆ ಕಳಿಸುವುದಿಲ್ಲ.

ಸನದು, ಅಂದರೆ ವಕೀಲಿಕೆಯ ಪರವಾನಗಿ, ಪಡೆದ ವಕೀಲರು ಪೂರ್ಣಾವಧಿಯ ಸಂಬಳದ ನೌಕರಿ ಮಾಡುವಂತಿಲ್ಲ ಎಂದು ಪರಿಷತ್ತಿನ 49ನೆಯ ನಿಯಮ ಹೇಳುತ್ತದೆ. ವೃತ್ತಿಯ ಸ್ವಾತಂತ್ರ್ಯಕ್ಕೆ ಆ ನಿಯಮ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಹೊರಗೆ ದುಡಿಯಬೇಡ ಎನ್ನುವ ವ್ಯವಸ್ಥೆ ಒಳಗೆ ಕೊಡಬೇಕಾದ್ದನ್ನು ನಿಗದಿ ಮಾಡುವುದಿಲ್ಲ. ನೋಂದಣಿ ಶುಲ್ಕದ ವಿಷಯದಲ್ಲಿ 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ನಿಷ್ಠುರವಾಗಿಯೇ ಹೇಳಿತು: ವಕೀಲರ ಕಾಯಿದೆ ನಿಗದಿಪಡಿಸಿದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬಡವರ ಮಕ್ಕಳಿಗೆ ಬಾಗಿಲು ತೆರೆಯಿತು, ಆದರೆ ಒಳಗೆ ಬಂದವರ ಹೊಟ್ಟೆಪಾಡು ಹಾಗೆಯೇ ಉಳಿಯಿತು.

ನಾನು 2006ರಲ್ಲಿ ಒಬ್ಬ ಹಿರಿಯರ ಕಚೇರಿ ಸೇರಿದೆ. ಕೆಲಸ ಕಲಿಸುವುದರಲ್ಲಿ ಅವರಂಥವರು ಕಡಿಮೆ. ಕೈಫಿಯತ್ತು (ದಾವೆಗೆ ಪ್ರತಿವಾದಿ ಕೊಡುವ ಲಿಖಿತ ಉತ್ತರ) ಬರೆಯುವ ಕ್ರಮ ಇವತ್ತಿಗೂ ಅವರದೇ ನನ್ನ ಕೈಯಲ್ಲಿದೆ. ಮೊದಲ ಹದಿನಾಲ್ಕು ತಿಂಗಳು ಅವರು ಒಂದು ರೂಪಾಯಿ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಕೇಳಿದರೆ ಕಲಿಯುವ ಮನಸ್ಸಿಲ್ಲ ಎಂದುಕೊಂಡಾರು ಎಂಬ ಅಂಜಿಕೆ. ಊರಿಗೆ ಹೋದಾಗ ಅವ್ವ, "ತಮ್ಮಾ, ಕೋಟು ಹಾಕ್ಕೊಂಡು ಹೋಗ್ತಿ, ರೊಕ್ಕ ಯಾವಾಗ ಬರ್ತಾವ?" ಎಂದಾಗ ಬೇರೆ ಮಾತು ತೆಗೆಯುತ್ತಿದ್ದೆ. ನನ್ನ ಜೊತೆ ಸನದು ಪಡೆದವರಲ್ಲಿ ನನಗಿಂತ ಚುರುಕಾಗಿದ್ದ ಇಬ್ಬರು ಎರಡನೆಯ ವರ್ಷಕ್ಕೇ ಕೋಟು ಬಿಚ್ಚಿಟ್ಟು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಕುಳಿತರು.

ಹಿರಿಯರ ಕಡೆಯ ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು, ಏಕೆಂದರೆ ಈಗ ನಾನೂ ಆ ಕುರ್ಚಿಯಲ್ಲಿದ್ದೇನೆ. ನನ್ನ ಬಳಿ ಇಬ್ಬರು ಜೂನಿಯರ್‌ಗಳಿದ್ದಾರೆ. ತಲಾ ಎಂಟು ಸಾವಿರ ಕೊಡುತ್ತೇನೆ, ಹದಿನೈದು ಸಾವಿರ ಮುಟ್ಟಲು ನನ್ನಿಂದ ಆಗಿಲ್ಲ. ಜಮೀನಿನ ಪಾಲು ವಿಭಾಗದ ದಾವೆ ಹತ್ತು ವರ್ಷ ನಡೆಯುತ್ತದೆ, ಫೀಸು ಸುಗ್ಗಿಯ ನಂತರ ಕಂತಿನಲ್ಲಿ ಬರುತ್ತದೆ, ಕೆಲವೊಮ್ಮೆ ಹಣದ ಬದಲು ಅಕ್ಕಿಯ ಚೀಲ ಬರುತ್ತದೆ. ಅಪಘಾತ ಪರಿಹಾರದ ಪ್ರಕರಣಗಳಲ್ಲಿ ವಿಮಾ ಕಂಪನಿ ಹಣ ಠೇವಣಿ ಇಡುವವರೆಗೂ ನಮಗೂ ಏನೂ ಇಲ್ಲ. ಆದರೂ ಇದನ್ನು ಪೂರ್ತಿ ಸಮರ್ಥನೆಯೆಂದು ನಾನು ಒಪ್ಪುವುದಿಲ್ಲ. ಟೈಪಿಸ್ಟ್‌ಗೆ, ಗುಮಾಸ್ತನಿಗೆ, ಕಚೇರಿಯ ಬಾಡಿಗೆಗೆ ತಿಂಗಳ ಮೊದಲ ವಾರದಲ್ಲಿ ಹೇಗೋ ಹೊಂದಿಸುವ ನಾವು ಜೂನಿಯರ್ ವಿಷಯ ಬಂದಾಗ ಮಾತ್ರ "ಕಲಿಯಲಿ ಮೊದಲು" ಎನ್ನುತ್ತೇವೆ. ಅವರು ಬೆಳಿಗ್ಗೆ ಮೂರು ನ್ಯಾಯಾಲಯಗಳಲ್ಲಿ ನಮ್ಮ ಪರವಾಗಿ ದಿನಾಂಕ ಪಡೆದು ಬರುವುದು ದುಡಿಮೆಯೇ.

ಈ ಕೊರತೆಯಿಂದಾಗಿ ನಮ್ಮ ಜಿಲ್ಲೆಯ ಚುರುಕಾದ ಹುಡುಗರು ವಕೀಲಿಕೆಯನ್ನೇ ಬಿಡುತ್ತಿದ್ದಾರೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿ ಕೊಟ್ಟಿರುವ ಸ್ಥಳೀಯ ಮೀಸಲಾತಿಯಿಂದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹುದ್ದೆಗಳು ಕೈಗೆಟುಕುವಂತಿರುವಾಗ ಯಾರು ಐದು ವರ್ಷ ಕಾಯುತ್ತಾರೆ? ಇಂಗ್ಲಿಷ್ ಚೆನ್ನಾಗಿ ಬಲ್ಲ ಕೆಲವರು ಬೆಂಗಳೂರಿನ ಕಂಪನಿಗಳಿಗೆ ಹೋಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆ ದಾರಿ ಕಿರಿದು. ಇನ್ನು ಸಿವಿಲ್ ನ್ಯಾಯಾಧೀಶರ ಆರಂಭದ ಮೂಲವೇತನವೇ ಈಗ 77,840 ರೂಪಾಯಿ. ಆ ಹುದ್ದೆಯ ಆಸೆಯಿಂದ ಕಾನೂನು ಓದಿದ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಲಿಂಗಸುಗೂರಿನ ಕಡೆಯಿಂದ ಬಂದಿರುವ ನನ್ನ ಇನ್ನೊಬ್ಬ ಜೂನಿಯರ್‌ಗೆ ಮನೆಯವರು ಕೊಟ್ಟಿರುವ ಗಡುವು ಒಂದೇ ವರ್ಷ, ಅದರ ನಂತರ ಮದುವೆ. ಮೂರು ವರ್ಷದ ಷರತ್ತು ಅವಳ ಪಾಲಿಗೆ ಬಾಗಿಲು ಮುಚ್ಚಿದಂತೆ. 2002ರಲ್ಲಿ ಸುಪ್ರೀಂ ಕೋರ್ಟ್ ಇದೇ ಷರತ್ತನ್ನು ತೆಗೆದುಹಾಕಿದ್ದು ಪ್ರತಿಭಾವಂತರು ಸೇವೆಗೆ ಬರುತ್ತಿಲ್ಲ ಎಂಬ ಕಾರಣಕ್ಕಾಗಿ ಎಂಬುದನ್ನು ಈಗ ಮರೆಯಬಾರದು.

ಇಲ್ಲಿ ಕೆಲಸಕ್ಕೇನೂ ಬರವಿಲ್ಲ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಕಾರಣ ಹಳೆಯ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಅವನ್ನು ಓದಬಲ್ಲ ಕಿರಿಯ ವಕೀಲರನ್ನು ಹಿರಿಯರೇ ಹುಡುಕಿಕೊಂಡು ಹೋಗುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕ್ರಿಮಿನಲ್ ಕಾನೂನುಗಳ ಮಟ್ಟಿಗೆ ನಾವೂ ಅವರೂ ಒಂದೇ ತರಗತಿಯಲ್ಲಿ ಕುಳಿತವರು, ಜಾಮೀನು ಅರ್ಜಿಯ ಕರಡಿನಲ್ಲಿ ಎಷ್ಟೋ ಸಲ ಅವರೇ ನಮ್ಮನ್ನು ತಿದ್ದುತ್ತಾರೆ.

ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ಸರ್ಕಾರ ನ್ಯಾಯಾಡಳಿತ ತರಬೇತಿಯ ಭತ್ಯೆ ಕೊಡುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಕೈಜೋಡಿಸಿ, ನಮ್ಮ ಭಾಗದ ಎಲ್ಲ ಬಡ ಕುಟುಂಬಗಳ ಕಿರಿಯ ವಕೀಲರಿಗೆ ಮೂರು ವರ್ಷ ತಿಂಗಳ ಭತ್ಯೆಯ ಅರ್ಧ ಭಾಗ ಕೊಡಲಿ, ಉಳಿದರ್ಧವನ್ನು ಹಿರಿಯರು ಕೊಡಲಿ. ಇನ್ನೊಂದು ಮಾತು: ಮೂರು ವರ್ಷದ ವಕೀಲಿಕೆಗೆ ಹತ್ತು ವರ್ಷ ಮೀರಿದ ವಕೀಲರು ಪ್ರಮಾಣಪತ್ರ ಕೊಡಬೇಕೆಂದು ತೀರ್ಪು ಹೇಳಿದೆ. ಆ ಹಾಳೆಯಲ್ಲಿ, ಆ ಅವಧಿಯಲ್ಲಿ ಜೂನಿಯರ್‌ಗೆ ತಿಂಗಳಿಗೆ ಎಷ್ಟು ಕೊಡಲಾಯಿತು ಎಂಬ ಒಂದು ಸಾಲನ್ನೂ ಬರೆಯುವುದು ಕಡ್ಡಾಯವಾಗಬೇಕು. ಕೊಟ್ಟದ್ದು ಕಡಿಮೆಯಾಯಿತೆಂದು ಪರೀಕ್ಷೆ ಬರೆಯುವವರ ಅರ್ಹತೆಗೆ ಧಕ್ಕೆ ಬರಬಾರದು. ಆ ಸಾಲಿಗೆ ಉತ್ತರ ಹೇಳಬೇಕಾದವರು ಸಹಿ ಹಾಕಿದ ನಾವು. ನಮ್ಮ ವಕೀಲರ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಪ್ರಸ್ತಾವವನ್ನು ಲಿಖಿತವಾಗಿ ಮಂಡಿಸುತ್ತೇನೆ. ಅನುಮೋದಿಸಲು ಒಪ್ಪುವ ಹಿರಿಯ ಮಿತ್ರರು ದಯವಿಟ್ಟು ಮೊದಲೇ ತಿಳಿಸಬೇಕು, ಪ್ರಸ್ತಾವಕ್ಕೆ ಎರಡನೆಯ ಸಹಿ ಬೇಕಾಗಿದೆ.